ಇಲಿ ಹೆಜ್ಜೆ ಓದುವ ಹಿಟ್ಟಕ್ಕನ ಒಂದು ಸುಳ್ಳು ಗೀಟು

ಇನ್ನೂ ಪೂರ್ತಿ ಬೆಳಕಾಗಿಲ್ಲ. ದೋಣಿ ಶೆಡ್ಡಿನ ದೊಡ್ಡ ಕಬ್ಬಿಣದ ಬಾಗಿಲ ಪಕ್ಕದ ಸಣ್ಣ ಬಾಗಿಲು ತೆರೆದು ಒಳಗೆ ಬರುವ ಹಿಟ್ಟಕ್ಕ ಮೊದಲು ಚಪ್ಪಲಿ ಬಿಡುತ್ತಾರೆ. ಆಮೇಲೆ ನೆಲದ ಮೇಲೆ ಬೋರಲು ಮಲಗುತ್ತಾರೆ. ಐವತ್ತಮೂರು ವರ್ಷದ, ಮಂಡಿನೋವಿನ, ಎರಡು ಮಕ್ಕಳ ತಾಯಿ ಬೆಳ್ಳಂಬೆಳಗ್ಗೆ ತಣ್ಣನೆಯ ಸಿಮೆಂಟಿನ ಮೇಲೆ ಹೀಗೆ ಬಿದ್ದಿರುವುದನ್ನು ಮೊದಲ ಸಲ ನೋಡಿದವರು ಏನೋ ಆಗಿಹೋಯಿತೆಂದು ಓಡಿ ಬರುತ್ತಾರೆ. ಓಡಿ ಬಂದವರಿಗೆ ಬೈಗುಳ ಕಟ್ಟಿಟ್ಟ ಬುತ್ತಿ. "ಅಲ್ಲೇ ನಿಲ್ಲಿ! ಪುಡಿ ತುಳೀಬೇಡಿ!"

ಕೈಯಲ್ಲೊಂದು ಟಾರ್ಚು. ಅದನ್ನು ನೆಲಕ್ಕೆ ಒತ್ತಿ ಹಿಡಿದು ನಿಧಾನಕ್ಕೆ ತಿರುಗಿಸುತ್ತಾರೆ. ಚಳಿಗಾಲಕ್ಕೆಂದು ನೀರಿನಿಂದ ಎತ್ತಿ ತಂದ ನಲವತ್ತಾರು ದೋಣಿಗಳು ಟಾರ್ಪಾಲು ಹೊದ್ದು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿವೆ. ಒಂದೊಂದು ಸ್ಟ್ಯಾಂಡಿಗೆ ನಾಲ್ಕು ಕಾಲು. ಒಂದೊಂದು ಕಾಲಿನ ಸುತ್ತ ಮೊರದಗಲದ ಬಿಳಿ ಪುಡಿಯ ಬಳೆ. ಒಟ್ಟು ನೂರಾ ಎಂಬತ್ತನಾಲ್ಕು ಬಳೆ. ಅಷ್ಟನ್ನೂ ನಿನ್ನೆ ಸಂಜೆ ಜರಡಿ ಹಿಡಿದು ಉದುರಿಸಿದವರು ಹಿಟ್ಟಕ್ಕನೇ, ಈಗ ಓದುತ್ತಿರುವವರೂ ಅವರೇ.

"ನಿಂತು ನೋಡಿದ್ರೆ ಏನೂ ಕಾಣಲ್ಲ. ಬೆಳಕು ಮೇಲಿಂದ ಬಿದ್ರೆ ಪುಡಿ ಎಲ್ಲಾ ಒಂದೇ ಬಿಳಿ. ಬೆಳಕು ನೆಲ ಸವರ್ಕೊಂಡು ಹೋಗ್ಬೇಕು. ಆಗ ಒಂದೊಂದು ಉಗುರಿಗೂ ನೆರಳು ಬರುತ್ತೆ" ಎನ್ನುತ್ತಾರೆ. ಇಲಿಯ ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು. ಹೆಗ್ಗಣವಾದರೆ ನಡುವೆ ಬಾಲ ಎಳೆದ ಗೆರೆಯೂ ಇರುತ್ತದೆ. ಸುಂಡಿಲಿ ಹಗುರ, ಚುಕ್ಕಿ ಇಟ್ಟಂತೆ ಹೋಗುತ್ತದೆ. ಹಲ್ಲಿ ಹೊಟ್ಟೆ ಎಳೆದುಕೊಂಡು ಹೋಗುತ್ತದೆ. ಬೆಕ್ಕಿನ ಹೆಜ್ಜೆಯಲ್ಲಿ ಉಗುರೇ ಇರುವುದಿಲ್ಲ. ನಾವು ಬೆಳಗ್ಗೆ ಪೇಪರು ಓದುವ ಹಾಗೆ ಹಿಟ್ಟಕ್ಕ ಇದನ್ನೆಲ್ಲ ಓದುತ್ತಾರೆ. ಓದಿ ಮುಗಿದ ಮೇಲೆ, ಸ್ಟ್ಯಾಂಡಿಗೆ ನೇತುಹಾಕಿದ ಹಲಗೆಯ ಚೂರಿನ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು. ಗೀಟು ಎಂದರೆ ನಿನ್ನೆ ಈ ದೋಣಿಗೆ ಇಲಿ ಹತ್ತಿಲ್ಲ ಎಂದರ್ಥ. ಹೆಜ್ಜೆ ಕಂಡರೆ ಗೀಟಿಲ್ಲ, ಕತ್ತರಿ ಗುರುತು. ಜೊತೆಗೆ ಸ್ಟ್ಯಾಂಡಿನ ಕಾಲಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ. ಕೆಂಪು ಬಟ್ಟೆ ಕಂಡ ದೋಣಿಯ ಮುಚ್ಚಳ ಬಿಚ್ಚಿ, ಒಳಗಿನ ಒಂದೊಂದು ವೈರು, ಒಂದೊಂದು ಪೈಪನ್ನೂ ಮೆಕ್ಯಾನಿಕ್ಕು ಕೈಯಿಂದ ಮುಟ್ಟಿ ನೋಡಲೇಬೇಕು. ಇದು ಶೆಡ್ಡಿನ ಕಾನೂನು. ಮಾಡಿದವರು ಹಿಟ್ಟಕ್ಕ.

ಇಷ್ಟೆಲ್ಲ ಯಾಕೆ ಎಂದರೆ, ಇಲಿಗೆ ನಿಲ್ಲಿಸಿಟ್ಟ ದೋಣಿಯೆಂದರೆ ಮಾವನ ಮನೆ. ಸೀಟಿನ ಸ್ಪಂಜು ಹಾಸಿಗೆಗೆ ಆಯಿತು. ವೈರಿನ ಮೇಲಿನ ಪ್ಲಾಸ್ಟಿಕ್ಕು, ಇಂಜಿನ್ನಿಗೆ ನೀರು ತರುವ ರಬ್ಬರು ಪೈಪು ಹಲ್ಲು ಸವೆಸಿಕೊಳ್ಳಲಿಕ್ಕೆ ಆಯಿತು. ನಾಲ್ಕು ತಿಂಗಳು ಯಾರೂ ಬರುವುದಿಲ್ಲ ಎಂಬುದು ಅದಕ್ಕೂ ಗೊತ್ತು. ಇದಕ್ಕೆಲ್ಲ ವಿಮೆ ಇದೆಯಲ್ಲ ಎಂದುಕೊಂಡವರು ಪಾಲಿಸಿಯ ಕಾಗದವನ್ನು ಒಮ್ಮೆ ಕನ್ನಡಕ ಹಾಕಿಕೊಂಡು ಓದಬೇಕು. ಬಿರುಗಾಳಿಗೆ ಉಂಟು, ಬೆಂಕಿಗೆ ಉಂಟು, ಕಳ್ಳತನಕ್ಕೂ ಉಂಟು. ಒಂಬತ್ತನೇ ಪುಟದಲ್ಲಿ ಇರುವೆಗಾತ್ರದ ಅಕ್ಷರದಲ್ಲಿ "ಇಲಿ, ಹೆಗ್ಗಣ, ಹುಳುಗಳಿಂದಾದ ಹಾನಿಯ ಹೊರತು" ಎಂದಿರುತ್ತದೆ. ಈ ಶೆಡ್ಡಿನ ನಲವತ್ತಾರು ಪಾಲಿಸಿಗಳಲ್ಲೂ ಆ ಸಾಲು ಇದೆ.

ಹೆಸರಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಹನ್ನೊಂದು ಚಳಿಗಾಲದ ಹಿಂದೆ, ಶೆಡ್ಡಿನ ಬಡಗಿಯಾಗಿದ್ದ ಗಂಡನಿಗೆ ಊಟದ ಡಬ್ಬಿ ತಂದುಕೊಡುತ್ತಿದ್ದ ಈಕೆ, ಮರದ ಹೊಟ್ಟಿನ ಮೇಲೆ ಮೂಡಿದ್ದ ಇಲಿ ಹೆಜ್ಜೆಗಳನ್ನು ನೋಡಿದರು. "ಇದು ಆ ನೀಲಿ ದೋಣಿಗೆ ಹತ್ತಿದೆ, ಇಳಿದಿಲ್ಲ" ಎಂದರು. ಎಲ್ಲರೂ ನಕ್ಕರು. ನೀಲಿ ದೋಣಿಯ ಸೀಟು ಬಿಚ್ಚಿದರೆ ಒಳಗೆ ಏಳು ಮರಿ! ನಗು ನಿಂತಿತು, ಕೆಲಸ ಸಿಕ್ಕಿತು. ಮರದ ಹೊಟ್ಟು ಎಲ್ಲ ಕಡೆ ಹಾಕಲಾಗುವುದಿಲ್ಲವಲ್ಲ, ಮೊದಲ ಸಂಜೆ ಮನೆಯಿಂದ ಗೋಧಿ ಹಿಟ್ಟು ತಂದು ಜರಡಿ ಹಿಡಿದರು. "ಬೆಳಗ್ಗೆ ಬಂದು ನೋಡ್ತೀನಿ, ಹೆಜ್ಜೇನೂ ಇಲ್ಲ, ಹಿಟ್ಟೂ ಇಲ್ಲ! ನೆಂಟರಿಗೆ ಬಡಿಸಿದ ಹಾಗಾಯ್ತು." ಅಂದಿನಿಂದ ಸೀಮೆಸುಣ್ಣದ ಪುಡಿ. ಹೆಸರು ಮಾತ್ರ ಹಿಟ್ಟಕ್ಕ ಎಂದೇ ನಿಂತಿತು. ಬೆನ್ನು ಹಿಡಿದುಕೊಂಡು ಗಂಡ ಉಳಿ ಕೆಳಗಿಟ್ಟ ಮೇಲೆ ಮನೆ ನಡೆಯುತ್ತಿರುವುದೂ ಆ ಪುಡಿಯ ಮೇಲೆಯೇ.

ಎಲೆಮರೆಯ ಕಾಯಿಗಳ ಬಗ್ಗೆ ಬರೆಯುವಾಗ ಅವರಿಗೆ ಯಾರ ಮೇಲೂ ಯಾವ ದೂರೂ ಇಲ್ಲ ಎಂದು ಬರೆಯುವುದು ರೂಢಿ. ಹಿಟ್ಟಕ್ಕನ ವಿಷಯದಲ್ಲಿ ಹಾಗೆ ಬರೆದರೆ ಶುದ್ಧ ಸುಳ್ಳಾಗುತ್ತದೆ. ಹಿಟ್ಟಕ್ಕನಿಗೆ ಹೊಟ್ಟೆಕಿಚ್ಚು. ಹೊಗೆಯಾಡುವ ಕಿಚ್ಚಲ್ಲ, ಧಗಧಗ ಉರಿಯುವ ಕಿಚ್ಚು. ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಆ ಕಿಚ್ಚಿಗೆ ಕಾರಣರಾದವರು ಹಿಟ್ಟಕ್ಕ ಇರುವ ಮನೆಯದೇ ಮಹಡಿಯ ಮೇಲೆ, ಹದಿಮೂರು ಮೆಟ್ಟಿಲು ಹತ್ತಿದರೆ ಸಿಗುತ್ತಾರೆ. ಅವರು ಹಿಟ್ಟಕ್ಕನ ವಾರಗಿತ್ತಿ, ಮೈದುನನ ಹೆಂಡತಿ. ವಿಮಾ ಕಂಪನಿಯಲ್ಲಿ ಸರ್ವೇಯರು.

ಸರ್ವೇಯರು ಎಂದರೆ ದೋಣಿಗೆ ಏನಾದರೂ ಆದ ಮೇಲೆ ಬಂದು, ಏನಾಯಿತು, ಹೇಗಾಯಿತು, ಎಷ್ಟು ಹಾಳಾಯಿತು ಎಂದು ಬರೆದುಕೊಂಡು ಹೋಗುವವರು. ಆ "ಆದ ಮೇಲೆ" ಎಂಬ ಎರಡು ಮಾತೇ ಹಿಟ್ಟಕ್ಕನ ಕಣ್ಣಿಗೆ ಖಾರದ ಪುಡಿ. "ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋಕೆ ಬರ್ತಾಳೆ. ಅವಳು ಬಂದ್ರೆ ಕುರ್ಚಿ ಒರೆಸಿ ಕೊಡ್ತಾರೆ. ಕಾಫಿ ತರಿಸ್ತಾರೆ. ಮಾಲೀಕರು ಎದ್ದು ನಿಲ್ತಾರೆ. ನಾನು ಹನ್ನೊಂದು ವರ್ಷ ಏನೂ ಆಗದ ಹಾಗೆ ನೋಡ್ಕೊಂಡೆ. ಆಗದೇ ಇದ್ದದ್ದನ್ನ ಯಾರು ಫೋಟೊ ತೆಗೀತಾರೆ, ಹೇಳಿ?"

ಸರಿಯಾದ ಪ್ರಶ್ನೆಯೇ. ಆದರೆ ಹೊಟ್ಟೆಕಿಚ್ಚಿಗೆ ಸರಿಯಾದ ಪ್ರಶ್ನೆ ಒಂದೇ ಸಾಲುವುದಿಲ್ಲ, ಅದು ಸಣ್ಣಪುಟ್ಟದ್ದನ್ನೂ ಮೇಯುತ್ತದೆ. ವಾರಗಿತ್ತಿಯ ಚರ್ಮದ ಬ್ಯಾಗು, ಅದರೊಳಗಿನ ಭೂತಗನ್ನಡಿ, ಒತ್ತಿದರೆ ಸರ್ರನೆ ಒಳಗೆ ಹೋಗುವ ಅಳತೆ ಟೇಪು, ಎಲ್ಲದರ ಮೇಲೂ ಹಿಟ್ಟಕ್ಕನಿಗೆ ಕಣ್ಣು. ವಾರಗಿತ್ತಿಯ ಮಗಳ ಉದ್ದ ಜಡೆಯ ಮೇಲೂ ಕಣ್ಣು. ಮಹಡಿಯ ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತದೆ ಎಂಬುದರ ಮೇಲೂ. ಇದಕ್ಕೆ ತುಪ್ಪ ಸುರಿಯಲು ಅತ್ತೆ ಬೇರೆ ಇದ್ದಾರೆ. ಎಂಬತ್ತರ ಆ ಅಜ್ಜಿ ಬಂದವರಿಗೆಲ್ಲ, "ಚಿಕ್ಕ ಸೊಸೆ ವಿಮಾ ಕಂಪನೀಲಿ ಆಫೀಸರು" ಎಂದು ಪರಿಚಯ ಮಾಡಿಸುತ್ತಾರೆ. ದೊಡ್ಡ ಸೊಸೆ ಏನು ಮಾಡುತ್ತಾಳೆ ಎಂದರೆ, "ಅವಳಾ? ಶೆಡ್ಡಲ್ಲಿ ಇಲಿ ಕಾಯ್ತಾಳೆ."

"ಇಲಿ ಕಾಯ್ತಾಳಂತೆ! ಕುರಿ ಕಾದ ಹಾಗೆ!" ಎಂದು ಹಿಟ್ಟಕ್ಕ ಇವತ್ತಿಗೂ ಹಲ್ಲು ಕಡಿಯುತ್ತಾರೆ. ಎರಡು ಜಡೆ ಒಂದೆಡೆ ಸೇರುವುದಿಲ್ಲ ಎಂದು ಗಂಡ ನಗುತ್ತಾರೆ. ಜಡೆಯ ಮಾತೆತ್ತಿದ್ದಕ್ಕೆ ಅವರಿಗೂ ಬೈಗುಳ.

ಇಷ್ಟು ಹೇಳಿದ್ದು ಸುಮ್ಮನೆ ಅಲ್ಲ. ಹಿಟ್ಟಕ್ಕ ಹನ್ನೊಂದು ವರ್ಷದಲ್ಲಿ ಮಾಡಿದ ಒಂದೇ ಒಂದು ತಪ್ಪು ಈ ಕಿಚ್ಚಿನ ಹೊಟ್ಟೆಯಲ್ಲೇ ಹುಟ್ಟಿತು. ಅದನ್ನು ಬರೆಯಬೇಡಿ ಎಂದು ಶೆಡ್ಡಿನ ಮಾಲೀಕರು ಹೇಳಿದರು. ಬರೆಯದಿದ್ದರೆ ನಾನು ಮಾತೇ ಆಡುವುದಿಲ್ಲ ಎಂದು ಹಿಟ್ಟಕ್ಕ ಹೇಳಿದರು.

ಕಳೆದ ಚಳಿಗಾಲದ ನಡುಮಧ್ಯ. ವಿಮಾ ಕಂಪನಿ ವರ್ಷಕ್ಕೊಮ್ಮೆ ಶೆಡ್ಡು ನೋಡಲು ಸರ್ವೇಯರನ್ನು ಕಳಿಸುತ್ತದೆ. ಆ ದಿನ ಹತ್ತು ಗಂಟೆಗೆ ವಾರಗಿತ್ತಿ ಬರುವವರಿದ್ದರು. ಹಿಟ್ಟಕ್ಕ ಹಿಂದಿನ ಸಂಜೆ ಎರಡೆರಡು ಸಲ ಜರಡಿ ಹಿಡಿದಿದ್ದರು. "ನೋಡಲಿ, ಒಂದು ಜಿರಲೆ ಕಾಲೂ ಸಿಗಬಾರದು ಅವಳ ಭೂತಗನ್ನಡಿಗೆ." ಬೆಳಗ್ಗೆ ಬಂದು ಮಲಗಿ ಟಾರ್ಚು ಹಿಡಿದರೆ, ಹದಿನೇಳನೇ ದೋಣಿಯ ಹಿಂದಿನ ಎಡಗಾಲಿನ ಬಳೆಯಲ್ಲಿ ನಾಲ್ಕು ಬೆರಳು, ಐದು ಬೆರಳು, ನಡುವೆ ಬಾಲದ ಗೆರೆ. ಹತ್ತಿದ ಹೆಜ್ಜೆ ಇದೆ, ಇಳಿದ ಹೆಜ್ಜೆ ಇಲ್ಲ.

ಬೇರೆ ಯಾವ ದಿನವಾದರೂ ಅಲ್ಲಿಗೆ ಕೆಂಪು ಬಟ್ಟೆ ಬೀಳುತ್ತಿತ್ತು. ಆದರೆ ಇನ್ನು ಮೂರು ಗಂಟೆಯಲ್ಲಿ ಅವಳು ಬರುತ್ತಾಳೆ. ಕೆಂಪು ಬಟ್ಟೆಯ ಮುಂದೆ ನಿಂತು ಬ್ಯಾಗು ತೆರೆಯುತ್ತಾಳೆ. ಸಂಜೆ ಮನೆಯಲ್ಲಿ ಅತ್ತೆಯ ಮುಂದೆ, "ಪಾಪ, ಅಕ್ಕ ಎಷ್ಟು ನೋಡಿಕೊಂಡರೂ ಒಂದು ಇಲಿ ಹತ್ತಿಬಿಟ್ಟಿತ್ತು" ಎನ್ನುತ್ತಾಳೆ. ಆ "ಪಾಪ" ಹಿಟ್ಟಕ್ಕನ ಕಿವಿಯಲ್ಲಿ ಆಗಲೇ ಕೇಳಿಸಿತು. ಕೈ ತಾನಾಗಿ ಮುಂದೆ ಹೋಯಿತು. ಅಂಗೈಯಿಂದ ಒಮ್ಮೆ ಸವರಿದರು, ಮೇಲೊಂದಿಷ್ಟು ಪುಡಿ ಉದುರಿಸಿದರು, ಹಲಗೆಯ ಮೇಲೆ ಗೀಟು ಎಳೆದರು.

"ಸಂಜೆ ನೋಡ್ಕೊಂಡ್ರಾಯ್ತು ಅಂದ್ಕೊಂಡೆ. ನೋಡ್ಕೊಂಡೆ ಕೂಡ" ಎನ್ನುತ್ತಾರೆ. ವಾರಗಿತ್ತಿ ಬಂದು ಹೋದ ಮೇಲೆ ಹದಿನೇಳರ ಟಾರ್ಪಾಲಿನ ಕೆಳಗೆ ಬೋನು ಇಟ್ಟರು. ಮರುದಿನ ಬೆಳಗ್ಗೆ ಬೋನಿನಲ್ಲಿ ಇಲಿ ಬಿದ್ದಿತ್ತು. ಅಲ್ಲಿಗೆ ಕಥೆ ಮುಗಿಯಿತು ಎಂದುಕೊಂಡರು. ಆದರೆ ಮುಚ್ಚಳ ಬಿಚ್ಚಿಸಬೇಕಲ್ಲ? ಬಿಚ್ಚಿಸಬೇಕಾದರೆ ಮೆಕ್ಯಾನಿಕ್ಕಿಗೆ ಹೇಳಬೇಕು, ಹೇಳಿದರೆ ನಿನ್ನೆಯ ಗೀಟು ಸುಳ್ಳು ಎಂದಾಗುತ್ತದೆ. ಒಂದು ದಿನ ಇದ್ದ ಇಲಿ ಏನು ಮಹಾ ಕಡಿದೀತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ತಾವೇ ಮಾಡಿದ ಕಾನೂನನ್ನು ತಾವೇ ಮುರಿದರು.

ಹದಿನೇಳನೇ ದೋಣಿ ಒಬ್ಬ ಅಂಬಿಗನದು. ಈ ದಡದಿಂದ ಆ ದಡಕ್ಕೆ ಶಾಲೆಯ ಮಕ್ಕಳನ್ನು, ಆಸ್ಪತ್ರೆಯ ನರ್ಸುಗಳನ್ನು, ಸಂತೆಯ ಮೂಟೆಗಳನ್ನು ದಾಟಿಸುವ ದೋಣಿ. ಅವರಿಗೆ ಇರುವುದು ಅದೊಂದೇ. ಚಳಿಗಾಲ ಮುಗಿದು ದೋಣಿಗಳನ್ನು ನೀರಿಗಿಳಿಸಿದ ದಿನ ಹದಿನೇಳೂ ಇಳಿಯಿತು. ಅಂಬಿಗ ಇಂಜಿನ್ನು ಚಾಲು ಮಾಡಿ, ಎಲ್ಲ ಸರಿಯಿದೆ ಎಂದು ಊಟಕ್ಕೆ ಹೋದರು. ಬರುವಷ್ಟರಲ್ಲಿ ದೋಣಿಯ ಹಿಂಭಾಗ ನೀರಿನೊಳಗೆ, ಮೂತಿ ಆಕಾಶಕ್ಕೆ. ಯಾರೂ ಹತ್ತಿರಲಿಲ್ಲ ಎಂಬುದೇ ಪುಣ್ಯ. ಮೇಲೆತ್ತಿ ನೋಡಿದರೆ, ಒಳಗಿನ ರಬ್ಬರು ಪೈಪಿನಲ್ಲಿ ಅರ್ಧ ಚಂದ್ರದಂಥ ಒಂದು ಕಚ್ಚು. ಇಂಜಿನ್ನು ನಡೆಯುವಾಗ ಅದು ಬಾಯಿ ಬಿಟ್ಟಿದೆ, ನೀರು ಒಳಗೆ ನುಗ್ಗಿದೆ.

ಮರುದಿನ ಸರ್ವೇ ಮಾಡಲು ವಾರಗಿತ್ತಿಯೇ ಬಂದರು. ಪೈಪನ್ನು ಭೂತಗನ್ನಡಿಯಲ್ಲಿ ನೋಡಿದರು, ಫೋಟೊ ತೆಗೆದರು. ಆಮೇಲೆ ಅಂಬಿಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. "ಅಣ್ಣಾ, ಇದು ಇಲಿ ಕಚ್ಚಿದ್ದು. ನಿಮ್ಮ ಪಾಲಿಸಿಯಲ್ಲಿ ಇಲಿಗೆ ದುಡ್ಡಿಲ್ಲ. ಆದರೆ ಶೆಡ್ಡಿನ ಹೆಸರಲ್ಲಿ ಬೇರೆ ಒಂದು ಪಾಲಿಸಿ ಇದೆ. ಶೆಡ್ಡಿನವರ ತಪ್ಪಿನಿಂದ ದೋಣಿ ಹಾಳಾದರೆ ಅದು ಕೊಡುತ್ತೆ. ಇಲಿ ಶೆಡ್ಡಲ್ಲಿ ಹತ್ತಿತ್ತು, ಗೊತ್ತಿದ್ದೂ ಯಾರೂ ನೋಡಲಿಲ್ಲ ಅಂತ ತೋರಿಸಬೇಕು."

ಮಾಲೀಕರು ಎದ್ದು ನಿಂತರು. "ನೀರಿಗೆ ಇಳಿಸಿದ ಮೇಲೆ ದಡದ ಇಲಿ ಕಚ್ಚಿರಬೇಕು ಮೇಡಂ. ನಮ್ಮ ಶೆಡ್ಡಲ್ಲಿ ಸಾಧ್ಯವೇ ಇಲ್ಲ. ಬೇಕಾದ್ರೆ ಹಲಗೆ ನೋಡಿ."

ಹದಿನೇಳರ ಹಲಗೆ ತರಿಸಿದರು. ನೂರಾ ಇಪ್ಪತ್ತು ದಿನ, ನೂರಾ ಇಪ್ಪತ್ತು ಗೀಟು. ಒಂದೂ ಕತ್ತರಿ ಗುರುತಿಲ್ಲ. ಹಿಟ್ಟಕ್ಕ ಕಂಬಕ್ಕೆ ಒರಗಿ ನಿಂತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಪುಡಿ ಮೆತ್ತಿದ ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ವಾರಗಿತ್ತಿ ಗೀಟುಗಳನ್ನು ಒಂದೊಂದಾಗಿ ಎಣಿಸಿ, ಹಲಗೆ ಕೆಳಗಿಟ್ಟು, ಅಂಬಿಗನಿಗೆ ಹೇಳಿದರು. "ಇಲ್ಲ ಅಣ್ಣಾ. ಶೆಡ್ಡಲ್ಲಿ ಹತ್ತಿರೋಕೆ ಸಾಧ್ಯ ಇಲ್ಲ. ನಮ್ಮ ಅಕ್ಕನ ಗೀಟು ಸುಳ್ಳು ಹೇಳಲ್ಲ."

ಹೊಗಳಿಕೆಗೆ ಹನ್ನೊಂದು ವರ್ಷ ಕಾದಿದ್ದ ಹೆಂಗಸು. ಕೊನೆಗೂ ಬಂತು. ಬಂದದ್ದು ಯಾರ ಬಾಯಿಂದ, ಯಾವ ಹೊತ್ತಿನಲ್ಲಿ!

"ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು" ಎನ್ನುತ್ತಾರೆ ಹಿಟ್ಟಕ್ಕ. ಅಂಬಿಗ ಹಲಗೆಯನ್ನು ಎತ್ತಿಕೊಂಡು, ಓದು ಬಾರದವರು ಕಾಗದ ನೋಡುವ ಹಾಗೆ ಆಚೆ ಈಚೆ ತಿರುಗಿಸಿ ನೋಡಿ, ಹಾಗೇ ಇಟ್ಟು ಹೋದರಂತೆ. ಹೊಸ ಇಂಜಿನ್ನು ತರುವ ತಾಕತ್ತು ಅವರಿಗೆ ಈ ಜನ್ಮದಲ್ಲಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಿಟ್ಟಕ್ಕ ಸುಮ್ಮನಿದ್ದರೆ ಅಂಬಿಗನ ದೋಣಿ ಹೋಯಿತು. ಬಾಯಿ ಬಿಟ್ಟರೆ ತಮ್ಮ ಹೆಸರು ಹೋಯಿತು, ಕೆಲಸವೂ ಹೋಗಬಹುದು. ಇವೆರಡಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಬಾಯಿ ಬಿಡಬೇಕಾದದ್ದು ಅವಳ ಮುಂದೆ.

ಆ ದಿನ ಸುಮ್ಮನಿದ್ದರು. ಮರುದಿನ ಬೆಳಗ್ಗೆ ಏಳಕ್ಕೆ ಹದಿಮೂರು ಮೆಟ್ಟಿಲು ಹತ್ತಿದರು. ಬೆಲ್ಲ ಸಕ್ಕರೆ ಕೇಳಲು ಕೂಡ ಅವರು ಆ ಮೆಟ್ಟಿಲು ಹತ್ತಿದವರಲ್ಲ. ವಾರಗಿತ್ತಿ ಮಗಳ ತಲೆ ಬಾಚುತ್ತಿದ್ದರು.

"ಹದಿನೇಳರಲ್ಲಿ ಒಂದು ಗೀಟು ಸುಳ್ಳು" ಎಂದರು ಹಿಟ್ಟಕ್ಕ, ಬಾಗಿಲಲ್ಲೇ ನಿಂತು.

ಬಾಚಣಿಗೆ ನಿಂತಿತು. "ಯಾವ ದಿನದ್ದು ಅಕ್ಕ?"

"ನೀನು ನೋಡೋಕೆ ಬಂದಿದ್ಯಲ್ಲ, ಆ ದಿನದ್ದು. ಹೆಜ್ಜೆ ಇತ್ತು. ಒರೆಸಿದೆ."

"ಯಾಕೆ ಒರೆಸಿದ್ರಿ?"

"ನೀನು ಬರ್ತಿದ್ದೆ ಅಂತ."

ಮಗಳು ಅರ್ಧ ಜಡೆಯಲ್ಲೇ ಇಬ್ಬರ ಮುಖ ನೋಡುತ್ತಾ ಕೂತಿದ್ದಳು. ವಾರಗಿತ್ತಿ ಬಾಚಣಿಗೆ ಕೆಳಗಿಟ್ಟರು. ಆಮೇಲೆ ಹೇಳಿದ್ದನ್ನು ಹಿಟ್ಟಕ್ಕ ಇವತ್ತಿಗೂ ಅವರ ದನಿಯಲ್ಲೇ ಅಣಕಿಸಿ ತೋರಿಸುತ್ತಾರೆ. "ವಾರಗಿತ್ತಿ ಮೇಲಿನ ಹೊಟ್ಟೆಕಿಚ್ಚಿಗೆ ಅಂತ ಬರೆಯೋಕೆ ನಮ್ಮ ಫಾರಂನಲ್ಲಿ ಜಾಗ ಇಲ್ಲ ಅಕ್ಕ. ಇಲಿ, ಬೆಂಕಿ, ಗಾಳಿ, ಇಷ್ಟೇ ಇರೋದು."

ನಗಲೂ ಆಗದೆ, ಸಿಟ್ಟು ಮಾಡಿಕೊಳ್ಳಲೂ ಆಗದೆ ನಿಂತಿದ್ದವರಿಗೆ ಇನ್ನೊಂದು ಮಾತು ಕಾದಿತ್ತು. ತಪ್ಪು ಹಿಟ್ಟಕ್ಕನದಾದರೆ ಅವರ ಸಂಬಂಧಿ ಈ ಫೈಲು ಮುಟ್ಟುವಂತಿಲ್ಲ. ಕಂಪನಿಯ ಹಿರಿಯ ಅಧಿಕಾರಿ ಬರುತ್ತಾರೆ. ಶೆಡ್ಡಿನಲ್ಲಿ ಎಲ್ಲರ ಮುಂದೆ ಹಿಟ್ಟಕ್ಕ ಸ್ವತಃ ಹೇಳಬೇಕು. "ಇವಳೊಬ್ಬಳ ಮುಂದೆ ಹೇಳಿದ್ರೆ ಮುಗೀತು ಅಂದ್ಕೊಂಡು ಗಟ್ಟಿ ಮನಸ್ಸು ಮಾಡಿ ಹತ್ತಿದ್ದೆ. ಊರಿಗೆಲ್ಲ ಹೇಳ್ಬೇಕಂತೆ!"

ಹೇಳಿದರು. ಮೂರು ದಿನದ ನಂತರ, ಮಾಲೀಕರು, ಮೆಕ್ಯಾನಿಕ್ಕು, ಹೊರೆಯಾಳುಗಳು, ಅಂಬಿಗ, ಎಲ್ಲರ ಎದುರು. ಎದುರಿಗೆ ನಿಂತವರ ಮಾತನ್ನು ತಾವು ಕೂತು ಬರೆದುಕೊಳ್ಳುವುದು ಸರಿಯಲ್ಲವೆಂದು ಹಿರಿಯ ಅಧಿಕಾರಿ ಇನ್ನೊಂದು ಕುರ್ಚಿ ತರಿಸಿದರು. ಶೆಡ್ಡಿನ ಆಫೀಸಿನ ಕುರ್ಚಿಯಲ್ಲಿ ಹಿಟ್ಟಕ್ಕ ಮೊದಲ ಸಲ ಕೂತದ್ದು ಅವತ್ತು. ಯಾವ ಹೆಜ್ಜೆ, ಯಾವ ಕಾಲು, ಎಷ್ಟು ಹೊತ್ತಿಗೆ ಒರೆಸಿದ್ದು, ಬೋನು ಎಲ್ಲಿಟ್ಟದ್ದು, ಒಂದನ್ನೂ ಬಿಡಲಿಲ್ಲ. ಯಾಕೆ ಎಂಬುದಕ್ಕೆ ಮಾತ್ರ "ನನ್ನ ಕೆಟ್ಟ ಬುದ್ಧಿಗೆ" ಎಂದರು. ಮೂಲೆಯಲ್ಲಿ ನಿಂತಿದ್ದ ವಾರಗಿತ್ತಿ ನೆಲ ನೋಡುತ್ತಿದ್ದರು. ಸಹಿ ಹಾಕುವಾಗ ಕಾಗದದ ಮೇಲೆ ಬಿಳಿ ಬೆರಳಚ್ಚು ಉಳಿಯಿತು.

ಶೆಡ್ಡಿನ ಪಾಲಿಸಿಯಿಂದ ಅಂಬಿಗನಿಗೆ ಇಂಜಿನ್ನು ಬಂತು. ಅಷ್ಟರಲ್ಲಿ ಹತ್ತೊಂಬತ್ತು ದಿನ ಆ ದಡದ ಮಕ್ಕಳು ಸೇತುವೆ ಸುತ್ತಿ ಶಾಲೆಗೆ ಹೋದರು, ಅಂಬಿಗ ಬೇರೆಯವರ ದೋಣಿಯಲ್ಲಿ ಹಗ್ಗ ಎಳೆದರು. ಅವರು ಹಿಟ್ಟಕ್ಕನಿಗೆ ಧನ್ಯವಾದ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಈ ಚಳಿಗಾಲದಲ್ಲೂ ದೋಣಿ ಇಲ್ಲೇ ಇಟ್ಟಿದ್ದಾರೆ, ಆದರೆ ವಾರಕ್ಕೊಮ್ಮೆ ಬಂದು ತಾವೇ ಮುಚ್ಚಳ ಬಿಚ್ಚಿ ನೋಡುತ್ತಾರೆ. "ಬೇಡ ಅನ್ನೋ ಬಾಯಿ ನನಗೆಲ್ಲಿದೆ?" ಎಂದು ಹಿಟ್ಟಕ್ಕ ಅವರಿಗೆ ಟಾರ್ಚು ಹಿಡಿಯುತ್ತಾರೆ.

ಮಾಲೀಕರು ಅಂದೇ ಸಂಜೆ, "ಬರೋ ವರ್ಷದಿಂದ ಬರೋದು ಬೇಡಮ್ಮ" ಎಂದಿದ್ದರು. ಜರಡಿ ಮನೆಗೆ ಬಂತು. ಆರು ತಿಂಗಳು ಹಿಟ್ಟಕ್ಕ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆದರು. ಮಾಲೀಕರು ಗೋಡೆಗೆ ಸಿಕ್ಕಿಸುವ, ಕಿರ್ ಎನ್ನುವ ಹತ್ತು ಇಲಿ ಯಂತ್ರ ತಂದರು. ಶೆಡ್ಡಿನ ವಿಮೆ ಹೊಸದಾಗಿ ಬರೆಸುವ ಹೊತ್ತು ಬಂದಾಗ ಕಂಪನಿಯಿಂದ ಒಂದು ಷರತ್ತು ಬಂತು. ಹಾಗೆಂದರೆ, ಇದನ್ನು ಪಾಲಿಸದಿದ್ದರೆ ವಿಮೆ ಇಲ್ಲ ಎಂದು. "ಶೆಡ್ಡಿನಲ್ಲಿ ಈ ಹಿಂದೆ ಇದ್ದಂತೆ ಪ್ರತಿದಿನ ಸಂಜೆ ನೆಲಕ್ಕೆ ಪುಡಿ ಹಾಕಿ, ಬೆಳಗ್ಗೆ ಹೆಜ್ಜೆ ನೋಡಬಲ್ಲ ಅನುಭವಿಯೊಬ್ಬರು ಇರತಕ್ಕದ್ದು. ಪ್ರತಿದಿನದ ಗುರುತನ್ನು ಇನ್ನೊಬ್ಬರೂ ನೋಡತಕ್ಕದ್ದು." ಅಂಥ ಅನುಭವಿ ಊರಿಗೆಲ್ಲ ಒಬ್ಬರೇ. ಮಾಲೀಕರು ತಾವೇ ಹೋಟೆಲಿನ ಹಿಂಬಾಗಿಲಿಗೆ ಬಂದು ಕರೆದುಕೊಂಡು ಹೋದರು.

ಆ ಷರತ್ತು ಹಿರಿಯ ಅಧಿಕಾರಿಯ ತಲೆಯಲ್ಲಿ ಹುಟ್ಟಿದ್ದಲ್ಲ. ಹಳೆಯ ಫೈಲುಗಳಲ್ಲಿ ಅವರಿಗೆ ಸಿಕ್ಕಿದ್ದು. ವಾರಗಿತ್ತಿ ಈ ಶೆಡ್ಡನ್ನು ಆರು ವರ್ಷದಿಂದ ನೋಡುತ್ತಿದ್ದಾರೆ. ಆರೂ ವರದಿಗಳ ಕೊನೆಯಲ್ಲಿ, ಯಾರೂ ಕೇಳದಿದ್ದರೂ, ಒಂದೇ ಮಾತನ್ನು ಬರೆದಿದ್ದಾರೆ. "ಈ ಶೆಡ್ಡಿಗೆ ನಿಜವಾದ ರಕ್ಷಣೆ ಎಂದರೆ ಬೆಳಗಿನ ಹೆಜ್ಜೆ ನೋಡುವ ಹೆಂಗಸು."

ಇದು ತಿಳಿದ ಮೇಲೆ ಹಿಟ್ಟಕ್ಕನ ಕಿಚ್ಚು ಆರಿತೇ? ಆರುವುದಿರಲಿ, ಇಮ್ಮಡಿಯಾಯಿತು. "ಆರು ವರ್ಷ ಬರೆದಿದ್ದಾಳೆ, ಒಂದ್ಸಲ ಬಾಯಿಬಿಟ್ಟು ಹೇಳಬಾರದಿತ್ತಾ? ಮೆಟ್ಟಿಲ ಹತ್ತಿರ ದಿನಾ ಸಿಗ್ತೀವಿ! ನಾನು ಇಷ್ಟು ವರ್ಷ ಸುಮ್ಸುಮ್ನೆ ಉರ್ಕೊಂಡೆ. ಈಗ ನೋಡಿ, ನನ್ನ ಕೆಲಸ ಕೂಡ ಅವಳು ಬರೆದಿದ್ದಕ್ಕೇ ಉಳೀತು. ಅದಕ್ಕೂ ನಾನು ಅವಳ ಋಣದಲ್ಲಿ ಇರಬೇಕು. ಇದಕ್ಕಿಂತ ಹೊಟ್ಟೆ ಉರಿಯೋದು ಬೇರೆ ಇದ್ಯಾ?"

ಈ ಲೇಖನಕ್ಕೆಂದು ಮಹಡಿ ಹತ್ತಿ ವಾರಗಿತ್ತಿಯನ್ನೂ ಮಾತಾಡಿಸಿದ್ದಾಯಿತು. ಮೃದು ಮಾತಿನ, ಸ್ವಲ್ಪ ಸುಸ್ತಾದ ಹೆಂಗಸು. ನೀವು ಅಕ್ಕನಿಗೆ ಯಾಕೆ ಹೇಳಲಿಲ್ಲ ಎಂದರೆ ಬಹಳ ಹೊತ್ತು ಟೇಪನ್ನು ಎಳೆದು ಎಳೆದು ಬಿಟ್ಟರು. ಕೊನೆಗೆ ಹೇಳಿದರು. "ಹೇಗೆ ಹೇಳಲಿ? ನನಗೂ ಹೊಟ್ಟೆಕಿಚ್ಚೇ. ಹದಿನಾಲ್ಕು ವರ್ಷದಿಂದ ಮುಳುಗಿದ್ದು, ಸುಟ್ಟಿದ್ದು, ಒಡೆದಿದ್ದು ಬಿಟ್ಟು ಬೇರೆ ನೋಡಿಲ್ಲ ನಾನು. ನಾನು ಹೋದ ಕಡೆ ಜನ ಅಳ್ತಿರ್ತಾರೆ. ಒಂದೇ ಒಂದು ದೋಣಿ ಉಳಿಸಿದ್ದೀನಾ? ಇಲ್ಲ. ಅಕ್ಕ ಬೆಳಗ್ಗೆ ಎಂಟು ಗಂಟೆಗೆ ನಲವತ್ತಾರು ದೋಣಿ ಉಳಿಸಿ ಮನೆಗೆ ಬರ್ತಾರೆ. ಅವರು ಕೈ ತೊಳೆಯೋದು ಮೇಲಿಂದ ಕಾಣುತ್ತೆ. ಬಿಳಿ ನೀರು ಹರಿಯುತ್ತೆ. ಅದನ್ನ ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತೆ."

ಮರುದಿನ ಬೆಳಗ್ಗೆ ಶೆಡ್ಡಿನಲ್ಲಿ ಹಿಟ್ಟಕ್ಕ ಮೂವತ್ತೊಂಬತ್ತನೇ ದೋಣಿಯ ಕಾಲಬಳಿ ಮಲಗಿದ್ದರು. ಅವರ ಗುರುತುಗಳನ್ನು ನೋಡುವ ಇನ್ನೊಬ್ಬರು, ಮೆಕ್ಯಾನಿಕ್ಕು, ಹಿಂದೆ ಕೈಕಟ್ಟಿ ನಿಂತಿದ್ದರು. ಏನಾದರೂ ಆಸೆ ಇದೆಯಾ ಎಂಬ ಮಾಮೂಲಿ ಪ್ರಶ್ನೆಗೆ ಹಿಟ್ಟಕ್ಕ ತಲೆಯೆತ್ತದೆ, "ಹೊಸ ಜರಡಿ" ಎಂದರು. ಆಗ ವಾರಗಿತ್ತಿ ಆಡಿದ ಮಾತನ್ನು ಒಂದಕ್ಷರ ಬಿಡದೆ ಅವರಿಗೆ ಹೇಳಲಾಯಿತು.

ಟಾರ್ಚು ತಿರುಗುವುದು ನಿಂತಿತು. ಹಿಟ್ಟಕ್ಕ ಎದ್ದು ಕೂತರು. ಮೂಗಿನ ತುದಿಗೆ, ಹುಬ್ಬಿಗೆಲ್ಲ ಬಿಳಿ ಪುಡಿ. ಮೆಕ್ಯಾನಿಕ್ಕನ್ನು ಬಾಗಿಲ ಆಚೆ ಕಳಿಸಿ, ಯಾರಿಗೂ ಕೇಳಿಸುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡರು.

"ನನ್ನ ಮೇಲೆ? ಅವಳಿಗೆ?"

ಹೌದು.

ಮುಖದಲ್ಲಿ ಬಂದ ನಗುವನ್ನು ಕೆನ್ನೆಯೊಳಗೇ ಹಿಡಿದು, ಹಿಟ್ಟಕ್ಕ ಪುಡಿಯ ಮೇಲೆ ಮಂಡಿ ಮಡಿಸಿ ಸರಿಯಾಗಿ ಕೂತರು.

"ಇನ್ನೊಂದ್ಸಲ ಹೇಳಿ. ನಿಧಾನಕ್ಕೆ."